ಹದಿನಾಲ್ಕನೆಯ ಬೆಸುಗೆ

ಎಲ್ಲ ತಾಪತ್ರಯಕ್ಕೂ ಮೂಲ ಬೆಸುಗೆ ಸಲಾಕೆ ಉಜ್ಜುವ, ಅಡಿಕೆ ಗಾತ್ರದ ಒಂದು ನವಸಾಗರದ ಉಂಡೆ. ವೃಷಭೇಂದ್ರಪ್ಪ ಅದನ್ನು ಅಡುಗೆಮನೆಯೊಳಗೇ ಇಟ್ಟುಕೊಂಡು ಕೆಲಸ ಮುಗಿಸಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನ ತಾಯಿ ಮಲ್ಲಾಜಮ್ಮ, "ಒಲೆ ಮುಂದೆ ಆ ಸುಡುಗಾಡು ಹೊಗೆ ಎಬ್ಬಿಸ್ಬೇಡ ಕಣಪ್ಪ, ಕೆಮ್ಮಿ ಕೆಮ್ಮಿ ಸಾಯ್ತೀನಿ. ಓಗು ಆಚೆಗೆ," ಎಂದು ಮಗನನ್ನೂ ಅವನ ಇದ್ದಿಲ ಒಲೆಯನ್ನೂ ಜಗಲಿಗೆ ಓಡಿಸಿದಳು.

ಇದು ಸಾವಿರದ ಒಂಬೈನೂರ ಐವತ್ತೇಳರ ಮಾತು. ಗುಂಡ್ಲುಪೇಟೆಯ ಶಂಭುಲಿಂಗಪ್ಪನವರು ತಮ್ಮ ರಾಗಿ ಮಿಲ್ಲಿಗೆ ಮೈಸೂರಿನಿಂದ ಹಳೆಯದೊಂದು ಕರೆಂಟು ಮೋಟಾರು ತಂದಿದ್ದರು. ಮೋಟಾರು ಗಟ್ಟಿಮುಟ್ಟಾಗಿತ್ತು. ಸ್ವಿಚ್ಚು ಒತ್ತಿದ ಕೂಡಲೇ ಒಂದೇ ಸಲಕ್ಕೆ ಎಗರಿಬೀಳುವುದೊಂದೇ ಅದರ ದೋಷ. ಅದು ಎಗರಿದರೆ ಬೆಲ್ಟು ಕಿತ್ತುಕೊಂಡು ಹೋಗುತ್ತಿತ್ತು, ಬೀದಿಯ ದೀಪಗಳೆಲ್ಲ ಮಂಕಾಗುತ್ತಿದ್ದವು. ಸಂಜೆ ಮಿಲ್ಲು ಶುರುವಾಗುವ ಹೊತ್ತಿಗೆ, ಈವತ್ತು ಬೆಲ್ಟು ಯಾವ ಕಡೆಗೆ ಹಾರುತ್ತದೆ ಎಂದು ನೋಡಲಿಕ್ಕೇ ಹತ್ತಾರು ಜನ ಸೇರುವುದು ವಾಡಿಕೆಯಾಗಿಬಿಟ್ಟಿತ್ತು.

ಮೈಸೂರಿನ ಮೋಟಾರು ರಿಪೇರಿ ಅಂಗಡಿಯೊಂದರಲ್ಲಿ ಒಂದೂವರೆ ವರ್ಷ ದುಡಿದು ಬಂದಿದ್ದ ವೃಷಭೇಂದ್ರಪ್ಪ ಸಾಹುಕಾರರ ಬಳಿಗೆ ಹೋಗಿ ಹೇಳಿದ್ದ: "ಸಾವ್ಕಾರ್ರೆ, ಮಲ್ಗಿರೊ ಎಮ್ಮೇನ ಎಬ್ಸೋ ಅಂಗೆ ಮೋಟ್ರನ್ನೂ ಒಸಿ ಒಸಿಯಾಗಿ ಎಬ್ಬಿಸ್ಬೇಕು. ಅದಕ್ಕೊಂದು ಬೋರ್ಡು ಬೇಕು. ನಾನೆ ಮನೇಲಿ ಮಾಡ್ಕೊಡ್ತೀನಿ."

"ಮಾಡ್ಲಾ, ನೋಡೇಬುಡನ. ನೆಟ್ಟಗೆ ಕೆಲ್ಸ ಮಾಡುದ್ರೆ ನಮ್ ಮಿಲ್ಲಿಗೆ ನೀನೆ ಮೇಸ್ತ್ರಿ," ಎಂದಿದ್ದರು ಶಂಭುಲಿಂಗಪ್ಪ.

ಮೇಸ್ತ್ರಿ ಕೆಲಸಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ವೃಷಭೇಂದ್ರಪ್ಪನ ಹೆಂಡತಿ ಮಂಗಳಗೌರಿ ನಾಲ್ಕು ತಿಂಗಳಿಂದ ಹರವೆಯ ತವರಿನಲ್ಲಿದ್ದಳು. ಮದುವೆಯಲ್ಲಿ ಮಾವ ಪುಟ್ಟಮಲ್ಲಪ್ಪನವರು ಉಡುಗೊರೆಯಾಗಿ ಕೊಟ್ಟ ಗೋಡೆ ಗಡಿಯಾರವನ್ನು ಅಳಿಯ ಒಳಗೇನಿದೆ ನೋಡಲು ಬಿಚ್ಚಿದ್ದ. ಒಳಗಿದ್ದದ್ದನ್ನೆಲ್ಲ ನೋಡಿದ್ದೂ ಆಯಿತು, ಆದರೆ ಅದು ಮತ್ತೆ ಒಳಗೆ ಸೇರಲಿಲ್ಲ. ಮಗಳನ್ನು ಹಬ್ಬಕ್ಕೆ ಕರೆದೊಯ್ಯಲು ಬಂದ ಮಾವ ಮೊರದ ತುಂಬ ಹರಡಿದ್ದ ಹಲ್ಲುಚಕ್ರಗಳನ್ನು ನೋಡಿ, "ಅಳಿಯಂದ್ರಿಗೆ ಬಿಚ್ಚೋದು ಗೊತ್ತು, ಸೇರ್ಸೋದು ಗೊತ್ತಿಲ್ಲ. ಇವರ ಕೈಲಿ ಸೇರ್ಸಿದ್ದು ಒಂದಾರ ನಿಂತ್ಕಳ್ಲಿ, ಆಗ ಮಗಳನ್ನ ಕಳಿಸ್ತೀನಿ," ಎಂದು ಹೇಳಿ ಹೋಗಿದ್ದರು. ಈವತ್ತು ಸಂಜೆ ಬೋರ್ಡಿನ ಪರೀಕ್ಷೆ. ಮಾವ ನಾಲ್ಕು ಗಂಟೆಯ ಬಸ್ಸಿಗೆ ಬರುವವರಿದ್ದರು.

ಬೋರ್ಡು ಎಂದರೆ ಒಂದು ಹಲಸಿನ ಹಲಗೆ. ಅದರ ಮೇಲೆ ಅರ್ಧಚಂದ್ರಾಕಾರವಾಗಿ ಏಳು ಹಿತ್ತಾಳೆ ಗುಬ್ಬಿಗಳು, ಗುಬ್ಬಿಯಿಂದ ಗುಬ್ಬಿಗೆ ಸರಿಯುವ ಒಂದು ಹಿಡಿ, ಹಿಂದುಗಡೆ ಸುರುಳಿ ಸುತ್ತಿದ ಕಬ್ಬಿಣದ ತಂತಿ. ಹಿಡಿ ಒಂದೊಂದೇ ಗುಬ್ಬಿ ದಾಟಿದ ಹಾಗೆ ಮೋಟಾರಿಗೆ ಕರೆಂಟು ಹೆಚ್ಚುತ್ತಾ ಹೋಗಬೇಕು. ಗುಬ್ಬಿಗೆ ಎರಡರಂತೆ ಹದಿನಾಲ್ಕು ಬೆಸುಗೆ. ಒಂದು ಬಿಟ್ಟರೂ ಕೆಲಸ ಕೆಟ್ಟಿತು. ಗುಂಡ್ಲುಪೇಟೆಯಲ್ಲಿ ಬೆಸುಗೆಯ ಸೀಸ ಸಿಕ್ಕದೆ ಅವನು ಹಿಂದಿನ ದಿನ ಚಾಮರಾಜನಗರಕ್ಕೆ ಹೋಗಿ ಒಂದು ಸುರುಳಿ ತಂದಿದ್ದ. ಹದಿನಾಲ್ಕಕ್ಕೆ ಸಾಕಾಗಿ ಒಂದಿಷ್ಟು ಉಳಿಯುವಷ್ಟಿತ್ತು.

ಬೆಳಗ್ಗೆ ಜಗಲಿಯ ಮೇಲೆ ಕುಳಿತು, ಕಾದ ಸಲಾಕೆಯ ತಾಮ್ರದ ಮೂತಿಯನ್ನು ನವಸಾಗರಕ್ಕೆ ಉಜ್ಜಿದ. ಬಿಳಿಯ ಹೊಗೆ ಬುಸ್ಸನೆ ಎದ್ದು ಬೀದಿಯ ಉದ್ದಕ್ಕೂ ಹರಡಿತು. ಆ ವಾಸನೆ ಬಂದರೆ ಬೀದಿಯ ಹೆಂಗಸರಿಗೆ ಒಂದೇ ಅರ್ಥ, ಕಲಾಯಿಯವನು ಬಂದಿದ್ದಾನೆ. ವೃಷಭೇಂದ್ರಪ್ಪ ಮೂರನೆಯ ಬೆಸುಗೆ ಮುಗಿಸಿ ತಲೆಯೆತ್ತುವಷ್ಟರಲ್ಲಿ ಎದುರುಮನೆಯ ಪುಟ್ಟಬಸಮ್ಮ ಹಿತ್ತಾಳೆಯ ಕೊಳಗ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

"ಅಯ್ಯೊ, ನೀನಾ ಮೊಗ? ಕಲಾಯಿಯೋನು ಅನ್ಕಂಡೆ. ಆಗ್ಲಿ ಬುಡು, ಯಾರಾದ್ರೇನು? ಇದ್ರ ತಳ ಸೋರ್ತದೆ, ಒಸಿ ಬೆಸ್ಗೆ ಹಾಕ್ಕೊಡು."

"ದೊಡ್ಡವ್ವ, ಇದು ಮಿಲ್ಲಿನ ಕೆಲ್ಸಕ್ಕೆ ತಂದಿರೋದು. ಸೀಸ ಎಣ್ಸಿ ತಂದಿವ್ನಿ."

"ಒಂದು ತೊಟ್ಟು ಸೀಸಕ್ಕೆ ಎಣ್ಕೆ ಮಾಡ್ತೀಯಲ್ಲಪ್ಪ! ನೀನು ಹುಟ್ಟಿದಾಗ ನಿಮ್ಮವ್ವಂಗೆ ಹಾಲಿರ್ಲಿಲ್ಲ. ನಮ್ಮನೆ ಹಸೀನ ಹಾಲು ಎಷ್ಟು ಕುಡ್ದೆ ಅಂತ ನಾನು ಎಣ್ಸಿದ್ನಾ?"

ಒಳಗಿಂದ ಮಲ್ಲಾಜಮ್ಮ, "ಹಾಕ್ಕೊಡು ಮೊಗ," ಎಂದಳು. ಮಗನ ಸೀಸದ ವಿಷಯದಲ್ಲಿ ಅವಳ ಕೈ ಬಹಳ ದೊಡ್ಡದು. ವೃಷಭೇಂದ್ರಪ್ಪ ಹಾಕಿಕೊಟ್ಟ. ತೂತು ಅವಳು ಹೇಳಿದ್ದಕ್ಕಿಂತ ದೊಡ್ಡದಾಗಿತ್ತು. "ಒಲೆ ಮೇಲೆ ಮಾತ್ರ ಇಡ್ಬೇಡಿ ದೊಡ್ಡವ್ವ, ಕರಗೋಯ್ತದೆ," ಎಂದು ಎಚ್ಚರಿಸಿ, ತನ್ನ ಕೆಲಸ ಮುಂದುವರಿಸಿದ.

ಎಂಟನೆಯ ಬೆಸುಗೆಯ ಹೊತ್ತಿಗೆ ಮಠದ ಶಿವರುದ್ರಸ್ವಾಮಿಗಳು ತಮ್ಮ ಪೂಜೆಯ ಗಿಂಡಿಯೊಂದಿಗೆ ಬಂದರು. ಅದರ ಮೂತಿ ಅಲ್ಲಾಡುತ್ತಿತ್ತು.

"ಐನೋರೆ, ನಾಳಿಕ್ಕೆ ಆದ್ರೆ..."

"ನಾಳೆ ಸೋಮವಾರ ಕಣಯ್ಯ. ಶಿವನಿಗೆ ಸೋರೋ ಗಿಂಡೀಲಿ ಅಭಿಷೇಕ ಮಾಡ್ಲಾ? ಆ ಪಾಪ ನಿನ್ ತಲೆ ಮ್ಯಾಲೆ ಹಾಕ್ಲಾ?"

ಪಾಪವನ್ನು ತಲೆಯ ಮೇಲೆ ಹಾಕಿಕೊಳ್ಳುವ ಧೈರ್ಯ ವೃಷಭೇಂದ್ರಪ್ಪನಿಗೆ ಇರಲಿಲ್ಲ. ಗಿಂಡಿಗೆ ಬೆಸುಗೆ ಬಿತ್ತು. ಸ್ವಾಮಿಗಳು ಅದಕ್ಕೆ ನೀರು ತುಂಬಿಸಿ, ಬಗ್ಗಿಸಿ, ಎರಡು ಸಲ ಪರೀಕ್ಷಿಸಿ, "ನಿನ್ ಹೆಂಡ್ತಿ ಬತ್ತಾಳೆ ಬುಡು," ಎಂದು ಆಶೀರ್ವದಿಸಿ ಹೋದರು. ಅವನು ಉಳಿದ ಸೀಸವನ್ನು ಬೆರಳಿನಲ್ಲಿ ಅಳೆದು ನೋಡಿದ. ಮಿಗುವುದು ಹೋಗಲಿ, ಆರು ಬೆಸುಗೆಗೆ ಸರಿಯಾಗಿ ಉಳಿದಿತ್ತು. ಇನ್ನು ಸಾಕ್ಷಾತ್ ಶಿವನೇ ಬಂದರೂ ಕೊಡುವುದಿಲ್ಲವೆಂದು ಗಟ್ಟಿಮನಸ್ಸು ಮಾಡಿದ.

ಶಿವ ಬರಲಿಲ್ಲ, ಶಂಭುಲಿಂಗಪ್ಪ ಬಂದರು. ಆಗ ಹದಿಮೂರು ಮುಗಿದು ಒಂದೇ ಒಂದು ಬಾಕಿಯಿತ್ತು. ಅವರ ಹಿಂದೆ ಕೇರಳಕ್ಕೆ ಹೊರಟ ಈರುಳ್ಳಿ ಲಾರಿಯೊಂದು ಆವಿ ಉಗುಳುತ್ತಾ ಬಂದು ನಿಂತಿತು.

"ವೃಷಭ, ಇದ್ರ ರೇಡಿಯೇಟ್ರು ಸೋರ್ತಾ ಅದೆ ಕಣ್ಲಾ. ನಮ್ ಈರುಳ್ಳಿ ಅದೆ ಇದ್ರಲ್ಲಿ. ಕಾಡಲ್ಲಿ ಗಾಡಿ ನಿಂತ್ರೆ ಆನೆ ತಿಂದ್ಕೊಂಡು ಓಯ್ತದೆ. ಬೇಗ ಒಂದು ಬೆಸ್ಗೆ ಹಾಕು."

"ಸಾವ್ಕಾರ್ರೆ, ನಿಮ್ ಬೋರ್ಡಿಗೇ ಇನ್ನೊಂದು..."

"ನನ್ ಬೋರ್ಡು ನನ್ನಿಷ್ಟ. ಮೊದ್ಲು ಲಾರಿ!"

ಲಾರಿಯ ಮಲೆಯಾಳಿ ಡ್ರೈವರು ಬಾನೆಟ್ಟು ಎತ್ತಿ, "ಚೇಟ್ಟಾ, ಸ್ವಲ್ಪ ದಪ್ಪ ಹಾಕಿ, ದಪ್ಪ," ಎಂದ. ವೃಷಭೇಂದ್ರಪ್ಪ ದಪ್ಪವಾಗಿಯೇ ಹಾಕಬೇಕಾಯಿತು. ಲಾರಿ ಹೊರಟುಹೋಯಿತು. ಕೈಯಲ್ಲಿ ಸೀಸ ಸುತ್ತಿದ್ದ ಕಾಗದ ಮಾತ್ರ ಉಳಿಯಿತು.

ಗಂಟೆ ಎರಡೂವರೆ. ಚಾಮರಾಜನಗರಕ್ಕೆ ಹೋಗಿಬರುವಷ್ಟು ಹೊತ್ತಿಲ್ಲ. ಹದಿನಾಲ್ಕನೆಯದು ಕೊನೆಯ ಗುಬ್ಬಿಯ ಬೆಸುಗೆ. ಅದಿಲ್ಲದಿದ್ದರೆ ಮೋಟಾರು ಪೂರ್ತಿ ವೇಗಕ್ಕೆ ಬರುವ ಹೊತ್ತಿಗೆ ನಿಂತುಬಿಡುತ್ತದೆ, ಅದೂ ಮಾವನ ಕಣ್ಣೆದುರಿಗೆ. ಬೆಳಗಿನಿಂದ ತಾನು ಹಂಚಿದ ಸೀಸವೆಲ್ಲ ಎಲ್ಲೆಲ್ಲಿದೆ ಎಂದು ಅವನು ಯೋಚಿಸಿದ. ಲಾರಿ ಕಾಡು ಸೇರಿರುತ್ತದೆ. ಗಿಂಡಿ ಶಿವನ ಪಕ್ಕದಲ್ಲಿದೆ. ಪುಟ್ಟಬಸಮ್ಮನ ಕೊಳಗ ಮಾತ್ರ ಎದುರು ಜಗಲಿಯ ಮೇಲೆ ಬೋರಲಾಗಿ ಬಿದ್ದು ಬಿಸಿಲಿಗೆ ಹೊಳೆಯುತ್ತಿತ್ತು. ಅವಳ ಗೊರಕೆ ಬಾಗಿಲಾಚೆಗೂ ಕೇಳುತ್ತಿತ್ತು.

ಕದಿಯುವ ಉದ್ದೇಶ ಅವನಿಗೆ ಖಂಡಿತ ಇರಲಿಲ್ಲ. ನಾಳೆ ಹೊಸ ಸೀಸ ತಂದು ಮೊದಲಿಗಿಂತ ಚೆನ್ನಾಗಿ ಹಾಕಿಕೊಟ್ಟರಾಯಿತು ಎಂದುಕೊಂಡು, ಕಾದ ಸಲಾಕೆಯನ್ನು ಕೊಳಗದ ತಳಕ್ಕೆ ತಾಗಿಸಿದ. ಸೀಸ ಕರಗಿ ಹನಿಯಾಗಿ ಮೂತಿಗೆ ಅಂಟಿಕೊಂಡು ಬಂತು. ತೂತಿಗೆ ಮೇಣದ ಬತ್ತಿಯ ಚೂರನ್ನು ಬೂದಿಯಲ್ಲಿ ನಾದಿ ಮೆತ್ತಿ ಉಜ್ಜಿದ. ನೋಡಿದರೆ ಥೇಟು ಸೀಸ. ತಣ್ಣೀರಿಗೆ ಒಂದು ದಿನ ತಡೆಯುತ್ತದೆ, ಅಷ್ಟು ಸಾಕು. ಐದು ನಿಮಿಷದಲ್ಲಿ ಹದಿನಾಲ್ಕನೆಯ ಬೆಸುಗೆ ಬೋರ್ಡಿನ ಮೇಲೆ ಕುಳಿತಿತ್ತು.

ಸಂಜೆ ಮಿಲ್ಲಿನಲ್ಲಿ ಜನವೋ ಜನ. ಪುಟ್ಟಮಲ್ಲಪ್ಪನವರು ಬಿಳಿಯ ಜುಬ್ಬ ತೊಟ್ಟು, ರಾಗಿ ಮೂಟೆಗಳ ಅಟ್ಟಿಗೆ ಬೆನ್ನು ಕೊಟ್ಟು ಕುಳಿತಿದ್ದರು. ವೃಷಭೇಂದ್ರಪ್ಪ ಬೋರ್ಡನ್ನು ಗೋಡೆಗೆ ತಗುಲಿಸಿ, ತಂತಿ ಸೇರಿಸಿ, ಹಿಡಿಯನ್ನು ಮೊದಲ ಗುಬ್ಬಿಗೆ ತಂದ. ಮೋಟಾರು ಸಣ್ಣಗೆ ಮುಲುಗಿತು. ಎರಡನೆಯ ಗುಬ್ಬಿಗೆ ಅಲುಗಿತು. ಮೂರನೆಯದಕ್ಕೆ ತಿರುಗತೊಡಗಿತು.

ಆಗ ಬಾಗಿಲಲ್ಲಿ ಪುಟ್ಟಬಸಮ್ಮ ಕಾಣಿಸಿಕೊಂಡಳು. ಕೈಯಲ್ಲಿ ಅದೇ ಕೊಳಗ. ಅದರ ಬಾಯಿಂದ ಹಬೆ ಏಳುತ್ತಿತ್ತು.

"ಬೀಗ್ರೆ, ಬೆಲ್ಲದ ಕಾಫಿ ತಂದಿವ್ನಿ," ಎಂದಳು ಎಲ್ಲರಿಗೂ ಕೇಳಿಸುವ ಹಾಗೆ. "ಬೇಕಂತ್ಲೆ ಇದ್ರಲ್ಲಿ ತಂದೆ. ನಿಮ್ಮಳಿಯ ಇವತ್ತು ಬೆಳಗ್ಗೆ ಬೆಸ್ಗೆ ಹಾಕ್ಕೊಟ್ಟ ಕೊಳಗ. ಅವ್ನ ಕೈಗುಣ ನೀವೂ ನೋಡ್ಬೇಕಲ್ಲ! ಒಲೆ ಮ್ಯಾಲೆ ಇಡ್ಬೇಡಿ ಅಂದಿದ್ದ, ಇಟ್ಟಿಲ್ಲ ಕಣಪ್ಪ, ಬೇರೆ ಪಾತ್ರೇಲಿ ಕುದ್ಸಿ ಇದಕ್ಕೆ ಸುರ್ಕಂಡೆ."

ಕೊಳಗವನ್ನು ಅವಳು ಪುಟ್ಟಮಲ್ಲಪ್ಪನವರ ತಲೆಯ ಹಿಂದೆ ಮೂಟೆಯ ಮೇಲಿಟ್ಟು ಲೋಟ ತರಲು ಹೋದಳು. ವೃಷಭೇಂದ್ರಪ್ಪನ ಕಣ್ಣು ಕೊಳಗದ ತಳಕ್ಕೆ ಹೋಯಿತು. ಹಿಡಿ ನಾಲ್ಕನೆಯ ಗುಬ್ಬಿಯ ಮೇಲಿತ್ತು. ನಡುವೆ ಬಿಟ್ಟು ಓಡಿದರೆ ಮೋಟಾರು ನಿಲ್ಲುತ್ತದೆ, ಬಿಡದಿದ್ದರೆ ಮೇಣ ಕರಗುತ್ತದೆ. ಐದನೆಯ ಗುಬ್ಬಿಗೆ ಬಂದಾಗ ಕೊಳಗದ ಕೆಳಗೆ ಗೋಣಿ ಒದ್ದೆಯಾಗಿತ್ತು. ಆರನೆಯದಕ್ಕೆ ಬಂದಾಗ ಕಂದು ಬಣ್ಣದ ಒಂದು ಗೆರೆ ಮೂಟೆಯ ಮೇಲಿಂದ ಮಾವನ ಕತ್ತಿನ ಕಡೆಗೆ ಹೊರಟಿತ್ತು. ಕಣ್ಣು ಮುಚ್ಚಿಕೊಂಡು ಅವನು ಹಿಡಿಯನ್ನು ಏಳಕ್ಕೆ ತಳ್ಳಿದ. ಮೋಟಾರು ಪೂರ್ತಿ ವೇಗಕ್ಕೆ ಬಂತು. ಬೆಲ್ಟು ಹಾರಲಿಲ್ಲ, ಬೀದಿಯ ಒಂದು ದೀಪವೂ ಮಂಕಾಗಲಿಲ್ಲ.

"ಏನೂ ಆಗ್ಲೇ ಇಲ್ವಲ್ಲ!" ಎಂದು ಯಾರೋ ಬೇಸರದಿಂದ ಹೇಳಿದರು.

ಅದೇ ಗಳಿಗೆಗೆ ಪುಟ್ಟಮಲ್ಲಪ್ಪನವರು, "ಕರೆಂಟು! ಕರೆಂಟು ಒಡೀತು!" ಎಂದು ಚೀರುತ್ತಾ ಎದ್ದು ನೆಗೆದರು. ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ನುಗ್ಗಿದರು. ಶಂಭುಲಿಂಗಪ್ಪ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಅಷ್ಟು ಚೆನ್ನಾಗಿ ತಿರುಗುತ್ತಿದ್ದ ಮೋಟಾರು ನಿಂತಿತು. ಆ ಮೌನದಲ್ಲಿ ಕಾಫಿ ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸಿತು.

ಪುಟ್ಟಮಲ್ಲಪ್ಪನವರು ಜುಬ್ಬದ ಬೆನ್ನು ಮುಟ್ಟಿ ನೋಡಿಕೊಂಡು, ಬೆರಳು ಮೂಸಿ, ಕೊಳಗವನ್ನು ಎತ್ತಿ ತಳ ನೋಡಿದರು.

"ಬೆಳಗ್ಗೆ ಹಾಕಿದ್ದಾ ಇದು?"

"ಊ ಕಣ್ರಪ್ಪ, ಬೆಳಗ್ಗೇನೆ ಹಾಕ್ಸಿದ್ದು," ಎಂದಳು ಲೋಟಗಳೊಂದಿಗೆ ಮರಳಿದ್ದ ಪುಟ್ಟಬಸಮ್ಮ, ಅಳುವ ದನಿಯಲ್ಲಿ.

"ಬೆಳಗ್ಗೆ ಹಾಕಿದ್ದು ಸಂಜೆಗೆ ಬುಡ್ತು," ಎಂದರು ಪುಟ್ಟಮಲ್ಲಪ್ಪ, ಅಳಿಯನ ಕಡೆ ತಿರುಗಿ. ಶಂಭುಲಿಂಗಪ್ಪನವರು ಬೋರ್ಡನ್ನೂ ಕೊಳಗವನ್ನೂ ಎರಡೆರಡು ಸಲ ನೋಡಿ, "ಈ ಹಲಗೇಲಿ ಇಂಥವು ಹದಿನಾಕು ಅವೆ ಅಂದ್ಯಲ್ವೇನ್ಲಾ? ಬ್ಯಾಡಪ್ಪ, ಜನ ಬಂದೋಗೊ ಜಾಗ. ಬಿಚ್ಕೊಂಡೋಗು," ಎಂದರು.

ವೃಷಭೇಂದ್ರಪ್ಪ ಬಾಯಿ ತೆರೆದ. ಆ ಬೆಸುಗೆ ಬಿಟ್ಟಿಲ್ಲ, ನಾನೇ ತೆಗೆದುಕೊಂಡದ್ದು, ಈಗಷ್ಟೆ ನಿಮ್ಮೆದುರಿಗೆ ಮೋಟಾರು ಓಡಿಸಿದ್ದು ಅದೇ ಎಂದು ಹೇಳಬೇಕೆನಿಸಿತು. ಪುಟ್ಟಬಸಮ್ಮನ ಮುಖ ನೋಡಿದ. ಅವನ ಕೈಗುಣ ಹೊಗಳಲೆಂದೇ ಕಾಫಿ ಕಾಯಿಸಿ ತಂದವಳು. ಕೆಲಸ ಬಾರದವನೆನ್ನಿಸಿಕೊಂಡರೆ ಹೆಂಡತಿ ಬರುವುದು ತಡವಾಗುತ್ತದೆ, ಕಳ್ಳನೆನ್ನಿಸಿಕೊಂಡರೆ ಎಂದಿಗೂ ಬರುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡ. ಮಾವ ಕೊನೆಯ ಬಸ್ಸಿಗೆ ಒದ್ದೆ ಜುಬ್ಬದಲ್ಲೇ ಹರವೆಗೆ ಹೊರಟರು. ಅವನಿಗೆ ನಿಜವಾಗಿಯೂ ಅಳು ಬಂದಿತ್ತು, ಆದರೆ ತಿರುಪುಳಿ ಹಿಡಿದು ಬೋರ್ಡು ಬಿಚ್ಚುವ ಕೆಲಸವಿದ್ದದ್ದರಿಂದ ಅಳಲಿಲ್ಲ.

ಮರುದಿನ ಬೆಳಗ್ಗೆ ಪುಟ್ಟಬಸಮ್ಮ ಕೊಳಗದೊಂದಿಗೆ ಮತ್ತೆ ಬಂದಳು. "ನೊಂದ್ಕಬೇಡ ಮೊಗ. ಯಾರಿಗಾದ್ರೂ ತಪ್ತದೆ. ಇನ್ನೊಂದ್ಸಾರಿ ಹಾಕ್ಕೊಡು," ಎಂದಳು.

ಮನೆಯಲ್ಲಿ ಬೇರೆ ಸೀಸವಿರಲಿಲ್ಲ. ವೃಷಭೇಂದ್ರಪ್ಪ ಇದ್ದಿಲು ಹೊತ್ತಿಸಿ, ಸಲಾಕೆ ಕಾಯಿಸಿ, ಬೋರ್ಡಿನ ಕೊನೆಯ ಗುಬ್ಬಿಯಿಂದ ಹದಿನಾಲ್ಕನೆಯ ಬೆಸುಗೆಯನ್ನು ಕರಗಿಸಿ ತೆಗೆದು ಕೊಳಗದ ತಳಕ್ಕೆ ಹಾಕಿದ. ಪುಟ್ಟಬಸಮ್ಮ ಅಲ್ಲೇ ನೀರು ತುಂಬಿಸಿ ಎತ್ತಿ ಹಿಡಿದಳು. ಒಂದು ಹನಿಯೂ ಸೋರಲಿಲ್ಲ.

"ನೋಡು, ಮನಸ್ಸಿಟ್ಟು ಮಾಡುದ್ರೆ ಎಂಗೆ ನಿಂತ್ಕತದೆ!" ಎಂದಳು ಅವಳು ನಿಜವಾದ ಮಮತೆಯಿಂದ. "ಇದನ್ನೆ ನಿನ್ನೆ ಮಾಡಿದ್ದಿದ್ರೆ ಮಂಗಳಗೌರಿ ಇಷ್ಟೊತ್ತಿಗೆ ಮನೇಲಿರ್ತಿದ್ಲು."