ಗಂಡು ಜೀರುಂಡೆ ಸಿಕ್ಕಿದ್ದು

ನಮ್ಮ ಧಾರವಾಡದ ಕಡೆ ಅವ್ವ ಈ ಹುಳಕ್ಕೆ ಏನೋ ಅಂತಿದ್ದಳು... ಗುಂ... ಗುಂಗು... ಬಾಯಿಗೆ ಬರುತ್ತಿಲ್ಲ. ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು ನಲವತ್ತು ವರ್ಷವಾಯಿತಲ್ಲ. ಇರಲಿ, ಜೀರುಂಡೆ ಅನ್ನೋಣ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಳಾದ ಮೇಲೂ ಅದರ ಹಿಂದೆ ಬಿದ್ದಿರುವ ನನ್ನನ್ನು ಜನ ಅನುಮಾನದಿಂದ ನೋಡುವುದು ನಿಂತೇ ಇಲ್ಲ.

ನಾನು ಅಧ್ಯಯನಕ್ಕೆ ಹಿಡಿದಿರುವುದು ಹೆಚ್ಚು ಜನ ಕಂಡಿರದ ಕಾಡು ಜೀರುಂಡೆಗಳ ಕುಲ. ಹೊರಗಿನಿಂದ ಎಲ್ಲವೂ ಒಂದೇ ಕಪ್ಪು. ಯಾವ ಪ್ರಭೇದ ಎಂದು ತಿಳಿಯಲು ಗಂಡಿನ ಹೊಟ್ಟೆಯೊಳಗಿನ ಅಂಗವನ್ನೇ ನೋಡಬೇಕು. ನನ್ನ ಹತ್ತಿರ ಇದ್ದ ಮೂರೂ ಹೆಣ್ಣು.

೧. ಬಸ್ಸು

ಯಳಂದೂರಿನ ಬಸ್ಸಿನಲ್ಲಿ ನನ್ನ ಚೀಲ ಘಮ್ಮೆಂದಿತು. ಕಂಡಕ್ಟರು ಮೂಗರಳಿಸಿ, "ಏನಮ್ಮಾ ಮಡಗಿದ್ದೀರಿ ಬ್ಯಾಗ್ನಲ್ಲಿ?" ಎಂದರು.

"ಹುಳ ನೆನೆಹಾಕೋ ಸ್ಪಿರಿಟ್ಟಪ್ಪಾ."

ಹಿಂದಿನ ಸೀಟಿನ ಅಜ್ಜ ನಿಟ್ಟುಸಿರು ಬಿಟ್ಟ: "ನಮ್ಮನೆಯವ್ಳೂ ದಿನಾ ಇದ್ನೇ ಕೇಳ್ತಾಳೆ. ಇಂಥ ನೆಪ ನಂಗ್ ಒಂದಿನಾನೂ ಒಳೀನಿಲ್ವಲ್ಲ!"

೨. ಕಾಡು

ಅರಣ್ಯ ಇಲಾಖೆಯ ಅನುಮತಿ ಪತ್ರವಿತ್ತು. ದಾರಿ ತೋರಿಸಲು ಬಂದ ಸೋಲಿಗರ ಹಿರಿಯರಿಗೆ ಮಾತ್ರ ನಂಬಿಕೆಯಿಲ್ಲ.

"ಗಂಡು ಬೇಕು ಅಂತ ಇಷ್ಟ್ ದೂರ ಯಾಕಮ್ಮಾ ಬಂದ್ರಿ? ಎಣ್ಣುಳ ಒಂದ್ಕಡೆ ಮಡಗಿ ಸುಮ್ಕೆ ಕೂತ್ಕಳಿ. ಗಂಡು ತಾನಾಗೇ ಬತ್ತದೆ."

"ಹೆಣ್ಣುಗಳೆಲ್ಲ ಸತ್ತು ಬಾಟಲಿಯಲ್ಲಿವೆ."

ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಮೇಲೆ ಕೊಳೆತ ದಿಮ್ಮಿಯೊಳಗಿಂದ ಒಂದು ಗೂಡು ಬಿಡಿಸಿ, ಕೈ ಚಾಚಿ ದೂರದಿಂದಲೇ ಕೊಟ್ಟರು. ಒಳಗೆ ಹುಳ ಬಲಿಯುತ್ತಿತ್ತು. ಹೊರಬಂದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ.

೩. ಮನೆ

ಪಕ್ಕದ ಮನೆಯಾಕೆ ರೇಷ್ಮೆ ನೂಲು ತೆಗೆಯುವವಳು. ನನ್ನ ಪೆಟ್ಟಿಗೆ ಕಂಡಾಗಲೆಲ್ಲ, "ಅಮ್ಮೋರೇ, ರೇಸ್ಮೆ ಉಳ ಕೊಲ್ಲೋ ಊಜಿ ನೊಣ ಗೀಣ ಸಾಕ್ತಿಲ್ಲ ತಾನೇ?" ಎಂದು ಕೇಳುತ್ತಿದ್ದಳು. ಮೊಮ್ಮಗಳನ್ನು ಕರೆದುಕೊಂಡು ಹನೂರಿನ ಮದುವೆಗೆ ಹೊರಟಾಗ ಬೇರೆ ದಾರಿಯಿಲ್ಲದೆ ಅವಳಿಗೇ ಕೀ ಕೊಟ್ಟು, "ಗೂಡು ಜೋಪಾನ" ಎಂದಿದ್ದೆ.

ಮರುದಿನ ಬಂದರೆ ಬಾಗಿಲಲ್ಲೇ ನಿಂತಿದ್ದಾಳೆ.

"ಅಮ್ಮೋರೇ, ಗೂಡು ಅಳ್ಳಾಡ್ತಿತ್ತು. ಉಳ ತೂತ್ ಮಾಡ್ಕಂಡು ಈಚ್ಗೆ ಬಂದ್ರೆ ಗೂಡು ಕೆಟ್ಟೋಯ್ತದಲ್ಲ, ಅದ್ಕೇ ಬೇಯಿಸ್ಬುಟ್ಟೆ."

 ಅವಳು ದನಿ ತಗ್ಗಿಸಿದಳು: "ಎಷ್ಟ್ ಉಡುಕುದ್ರೂ ಒಂದೆಳೆ ನೂಲ್ ಸಿಗ್ನಿಲ್ಲ. ಯಾರೋ ನಿಮ್ಗೆ ಮೋಸ ಮಾಡವ್ರೆ!"

ಅಳುತ್ತಲೇ ಗೂಡು ಒಡೆದೆ. ಒಳಗೆ ಜೀರುಂಡೆ ಪೂರ್ತಿ ಬಲಿತಿತ್ತು. ಬೆಂದು ಮೆತ್ತಗಾಗಿದ್ದರಿಂದ ಸೂಜಿ ಮುಟ್ಟಿಸಿದ್ದೇ ತಡ, ಒಳಗಿನ ಅಂಗ ಮುರಿಯದೆ ಜಾರಿ ಬಂತು. ಗಂಡು!

ಸೂಜಿ ಕೆಳಗಿಡದೆಯೇ ಮೊಮ್ಮಗಳನ್ನು ಕರೆದೆ.

"ಪುಟ್ಟೀ, ಹುಳದ ಜೊತೆ ಇಡೋ ಚೀಟಿ ಬರಿ. ಹುಡುಕಿ ಕೊಟ್ಟವರು, ಸೋಲಿಗರ ಹಿರಿಯರು. ಅದರ ಕೆಳಗೆ ಇನ್ನೊಂದು ಸಾಲು ಹಾಕು: ಬೇಯಿಸಿದವರು, ಪಕ್ಕದ ಮನೆಯಾಕೆ."