ನೀಲಿ ಛತ್ರಿ ಬಿಡಿಸುವ ಮತ್ತು ಬಿಡಿಸದಿರುವ ಕುರಿತು

ದರ ಚೀಟಿ ತಪಾಸಣಾ ಇಲಾಖೆ
(ಎರಡನೇ ಮಹಡಿ. ಲಿಫ್ಟ್ ದುರಸ್ತಿಯಲ್ಲಿರುತ್ತದೆ.)

ಸಂಖ್ಯೆ: ದಚೀತ/ಛತ್ರಿ/38/ನೆನೆದದ್ದು
ದಿನಾಂಕ: ಮಳೆ ಬಂದ ಮಾರನೆಯ ದಿನ

ಸುತ್ತೋಲೆ

ವಿಷಯ: ಎದುರಿನ ಅಂಗಡಿಯಿಂದ ತಪ್ಪು ದರಕ್ಕೆ ಖರೀದಿಸಿದ ನೀಲಿ ಛತ್ರಿಗಳನ್ನು ಮಳೆಯಲ್ಲಿ ಬಿಡಿಸುವ, ಬಿಡಿಸದಿರುವ ಹಾಗೂ ಎರಡನ್ನೂ ಸಮರ್ಥಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. "ಚೀಟಿಯಲ್ಲಿರುವ ದರವೇ ದರ" ಎಂಬ ಇದೇ ಇಲಾಖೆಯ ಆದೇಶ.
2. ಎದುರಿನ ಅಂಗಡಿಯ ಮಾಲೀಕರು ಗೇಟಿನ ಹೊರಗೆ ನಿಂತು ಸಲ್ಲಿಸಿದ ಮೌಖಿಕ ದೂರು (ಎರಡನೇ ಮಹಡಿಯವರೆಗೂ ಸ್ಪಷ್ಟವಾಗಿ ಕೇಳಿಸಿದ್ದು).
3. ಮೆಟ್ಟಿಲುಗಳು ಜಾರುತ್ತಿರುವ ಬಗ್ಗೆ ಕಾವಲುಗಾರರ ವರದಿ.

ಪ್ರಸ್ತಾವನೆ:

ಅಂಗಡಿಯವರು ಚೀಟಿಯಲ್ಲಿ ನಮೂದಿಸಿದ ದರಕ್ಕಿಂತ ಒಂದು ಕಾಸು ಹೆಚ್ಚಿಗೆ ಕೇಳಿದರೂ ದಂಡ ವಿಧಿಸುವುದು ಈ ಇಲಾಖೆಯ ಏಕೈಕ ಕರ್ತವ್ಯವಾಗಿರುತ್ತದೆ. ಕಡಿಮೆ ಕೇಳಿದರೆ ಏನು ಮಾಡತಕ್ಕದ್ದು ಎಂಬುದು ಯಾವ ನಿಯಮದಲ್ಲೂ ಇಲ್ಲ. ಅಂಥ ಅಂಗಡಿಯವರು ಇನ್ನೂ ಹುಟ್ಟಿಲ್ಲವೆಂದು ನಿಯಮ ಬರೆದವರು ನಂಬಿದ್ದರು.

ಹೀಗಿರುವಾಗ, ಕಳೆದ ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಈ ಸುತ್ತೋಲೆಯ ಕರಡನ್ನು ಸಿದ್ಧಪಡಿಸಿದ ಗುಮಾಸ್ತರು (ಇನ್ನು ಮುಂದೆ 'ಕರಡು ಗುಮಾಸ್ತರು') ಪೆನ್ನಿನ ರೀಫಿಲ್ ಕೊಳ್ಳಲು ಎದುರಿನ ಅಂಗಡಿಗೆ ಹೋಗಿರುತ್ತಾರೆ. ಬಾಗಿಲ ಬಳಿ ನೀಲಿ ಛತ್ರಿಗಳನ್ನು ತೂಗುಹಾಕಲಾಗಿತ್ತು. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವ ಜಾತಿಯವು. ಚೀಟಿಯಲ್ಲಿ ಅರವತ್ತನಾಲ್ಕು ಎಂದಿತ್ತು. ಹಿಂದಿನ ವಾರವಷ್ಟೇ ಅದೇ ಛತ್ರಿಗೆ ಆರುನೂರ ನಲವತ್ತು ಎಂದು ನೋಡಿ, ನೆನೆದರೆ ಕರಗಿಹೋಗಲು ನಾವೇನು ಬೆಲ್ಲವೇ ಎಂದುಕೊಂಡು ವಾಪಸು ಬಂದವರೂ ಇದೇ ಕರಡು ಗುಮಾಸ್ತರು. ಆದ್ದರಿಂದ ಅವರಿಗೆ ನಿಜವಾದ ದರ ಗೊತ್ತಿರಲಿಲ್ಲ ಎಂಬ ವಾದವನ್ನು ಪರಿಗಣಿಸಲಾಗುವುದಿಲ್ಲ.

ಅಂಗಡಿಯಲ್ಲಿ ಚೀಟಿ ಅಂಟಿಸುವ ಹೆಂಗಸನ್ನು ಇಡೀ ಕಚೇರಿ 'ಚೀಟಿ ಅಕ್ಕ' ಎಂದು ಕರೆಯುತ್ತದೆ. ಅಂದು ಅವರ ಕೈಯಲ್ಲಿದ್ದ ಚೀಟಿ ಒತ್ತುವ ಯಂತ್ರದ ಕೊನೆಯ ಅಂಕಿಗೆ ಶಾಯಿ ಹತ್ತಿರಲಿಲ್ಲ, ಸೊನ್ನೆ ಮೂಡಿರಲಿಲ್ಲ. ದರಗಳನ್ನು ನೆನಪಿಟ್ಟುಕೊಳ್ಳುವ ಮಾಲೀಕರು ಊಟಕ್ಕೆ ಹೋಗಿದ್ದರು. ಕರಡು ಗುಮಾಸ್ತರು ಮುಖವನ್ನು ಆದಷ್ಟು ಮುಗ್ಧವಾಗಿಸಿಕೊಂಡು "ಇದೇ ರೇಟಾ ಅಕ್ಕ?" ಎಂದು ವಿಚಾರಿಸಿರುತ್ತಾರೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ: "ಚೀಟಿಲಿ ಏನಿದ್ಯೋ ಅದೇ ಸಾರ್. ನಿಮ್ ಆಫೀಸ್ನೋರೇ ಅಲ್ವಾ ಬಂದು ಚೀಟಿ ದರವೇ ದರ ಅಂತ ಈ ಬೋರ್ಡ್ ಹಾಕ್ಸಿದ್ದು? ನಿಮ್ ಮಾತು ಮೀರೋಕಾಗತ್ತಾ?"

ನಿಜವಾದ ದರ ಹೇಳಲು ಕರಡು ಗುಮಾಸ್ತರಿಗೆ ಎರಡು ಕ್ಷಣ ಇತ್ತು. ಬಾಯಿ ತೆರೆಯಲು ಅಷ್ಟು ಕಾಲಾವಕಾಶ ಸಾಕಾಗಿತ್ತು. ಅವರು ಪರ್ಸ್ ತೆರೆದರು.

ಕಚೇರಿಗೆ ಮರಳಿದವರು ಪಕ್ಕದ ಮೇಜಿನವರ ಕಿವಿಯಲ್ಲಿ ಮಾತ್ರ ವಿಷಯ ತಿಳಿಸಿದರು. ಈ ಇಲಾಖೆಯಲ್ಲಿ ಕಡತವೊಂದು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಸರಾಸರಿ ಹನ್ನೊಂದು ದಿನ ತೆಗೆದುಕೊಳ್ಳುತ್ತದೆ. ಈ ಸುದ್ದಿ ನಾಲ್ಕು ನಿಮಿಷದಲ್ಲಿ ಸಾಹೇಬರ ಕೊಠಡಿ ಮುಟ್ಟಿತು. ಮಾಲೀಕರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮೂವತ್ತೇಳು ನೌಕರರು ಮೂವತ್ತೆಂಟು ಛತ್ರಿಗಳನ್ನು ಖರೀದಿಸಿ ಮುಗಿಸಿದ್ದರು. ಸಾಹೇಬರು ಎರಡು ತೆಗೆದುಕೊಂಡಿದ್ದು ಅವರ ಹುದ್ದೆಗೆ ಅನುಗುಣವಾಗಿಯೇ ಇರುತ್ತದೆ.

ಮಾಲೀಕರು ತಲೆ ಮೇಲೆ ಕೈ ಹೊತ್ತು ಕುಳಿತು, ಎದ್ದ ಮೇಲೆ, ಪೂರ್ತಿ ನಷ್ಟವನ್ನು ಚೀಟಿ ಅಕ್ಕನ ಸಂಬಳದಿಂದ ಹದಿನೆಂಟು ತಿಂಗಳು ಮುರಿದುಕೊಳ್ಳುವುದಾಗಿ ತಿಳಿಸಿರುತ್ತಾರೆ. ಛತ್ರಿ ಕೊಂಡವರು ಈ ತಿಂಗಳ ಕೊನೆಯೊಳಗೆ ವ್ಯತ್ಯಾಸದ ಹಣ ತಂದುಕೊಟ್ಟರೆ ಸಂಬಳ ಮುಟ್ಟುವುದಿಲ್ಲ ಎಂದೂ ಹೇಳಿರುತ್ತಾರೆ. ತಿಂಗಳ ಕೊನೆಗೆ ನಾಲ್ಕು ದಿನ ಬಾಕಿ ಇದೆ. ನಿನ್ನೆ ಸಂಜೆಯವರೆಗೆ ಯಾರೂ ಹೋಗಿರಲಿಲ್ಲ.

ನಿನ್ನೆ ಬೆಳಿಗ್ಗೆ ಒಂಬತ್ತೂವರೆಗೆ ಮಳೆ ಹಿಡಿಯಿತು. ಬಸ್ ನಿಲ್ದಾಣದಿಂದ ನಮ್ಮ ಗೇಟಿಗೆ ಬರುವ ದಾರಿ ಆ ಅಂಗಡಿಯ ಮುಂದೆಯೇ ಹಾದುಬರುತ್ತದೆ. ಛತ್ರಿ ಮನೆಯಲ್ಲಿ ಬಿಟ್ಟರೆ ನೆನೆಯಬೇಕು, ತಂದು ಬಿಡಿಸಿದರೆ ಚೀಟಿ ಅಕ್ಕ ನೋಡುತ್ತಾರೆ. ಮೂವತ್ತೇಳು ನೌಕರರೂ ದೀರ್ಘವಾಗಿ ಆಲೋಚಿಸಿ, ಛತ್ರಿಯನ್ನು ತಂದು, ಕಂಕುಳಲ್ಲಿ ಮಡಿಸಿ ಇಟ್ಟುಕೊಂಡು, ನೆನೆದರು. ಒಬ್ಬರ ಹಿಂದೆ ಒಬ್ಬರು, ತಲೆ ತಗ್ಗಿಸಿ, ತೊಟ್ಟಿಕ್ಕುತ್ತ ಕಚೇರಿ ಪ್ರವೇಶಿಸಿದ್ದನ್ನು ಕಂಡು ಕಾವಲುಗಾರರು ಯಾರೋ ತೀರಿಕೊಂಡಿದ್ದಾರೆಂದು ಭಾವಿಸಿ ಎದ್ದು ನಿಂತಿರುತ್ತಾರೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ನೌಕರರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮಳೆಯಲ್ಲಿ ಛತ್ರಿ ಬಿಡಿಸುವುದನ್ನು ತಪ್ಪೊಪ್ಪಿಗೆ ಎಂದು ಭಾವಿಸತಕ್ಕದ್ದಲ್ಲ. ಬಿಸಿಲಿನಲ್ಲಿ ಬಿಡಿಸಿದರೆ ಮಾತ್ರ ಅದನ್ನು ಜಂಬವೆಂದು ಪರಿಗಣಿಸಲಾಗುವುದು.

2. ಛತ್ರಿಯನ್ನು ರಟ್ಟಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ 'ಗೌಪ್ಯ' ಎಂದು ಬರೆದು ಕಡತಗಳ ನಡುವೆ ಬಚ್ಚಿಡುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಇಂಥ ಗೌಪ್ಯ ಕಡತವೊಂದು ನಿನ್ನೆ ಸಹಿಗೆಂದು ಸಾಹೇಬರ ಮೇಜಿಗೆ ಹೋಗಿ, ಅಲ್ಲಿ ತಾನೇ ತಾನಾಗಿ ಬಿಚ್ಚಿಕೊಂಡು, ಅವರ ಚಹಾವನ್ನು ಅವರ ಮೇಲೆಯೇ ಚೆಲ್ಲಿರುತ್ತದೆ.

3. "ಕಾಣೆಯಾಗಿರುವುದು ಒಂದು ಸೊನ್ನೆ ಮಾತ್ರ. ಸೊನ್ನೆಯ ಬೆಲೆ ಸೊನ್ನೆ. ಆದ್ದರಿಂದ ನಷ್ಟವೂ ಸೊನ್ನೆ" ಎಂದು ಲೆಕ್ಕಪತ್ರ ಶಾಖೆಯವರು ಲಿಖಿತ ಅಭಿಪ್ರಾಯ ನೀಡಿದ್ದರು. ಸದರಿ ಶಾಖೆಯವರ ಸಂಬಳದಿಂದ ಪ್ರಾಯೋಗಿಕವಾಗಿ ಒಂದು ಸೊನ್ನೆ ತೆಗೆದು ನೋಡೋಣವೇ ಎಂದು ಕರಡು ಗುಮಾಸ್ತರು ಕೇಳಿದ ಕೂಡಲೇ ಅಭಿಪ್ರಾಯವನ್ನು ಹಿಂಪಡೆಯಲಾಗಿದೆ.

4. ನೌಕರರು ಮನಸ್ಸಿಗೆ ಬಂದಂತೆ ಸಮರ್ಥನೆ ನೀಡುತ್ತಿರುವುದರಿಂದ ಅವನ್ನು ಈ ಕೆಳಗಿನಂತೆ ಏಕರೂಪಗೊಳಿಸಲಾಗಿದೆ:

(ಅ) "ಎಲ್ರೂ ತಗೊಂಡ್ರು, ಅದಕ್ಕೆ ನಾನೂ ತಗೊಂಡೆ." ಇದನ್ನು ಮೂವತ್ತಾರು ಜನ ಬಳಸಬಹುದು. ಮೊದಲು ತೆಗೆದುಕೊಂಡವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಅವರು ಯಾರೆಂಬುದನ್ನು ಪ್ರಸ್ತಾವನೆಯಲ್ಲಿ ಈಗಾಗಲೇ ತಿಳಿಸಲಾಗಿದೆ.

(ಆ) "ಅಂಗಡಿಯೋರು ನಮಗೆಷ್ಟು ಸಲ ಟೋಪಿ ಹಾಕಿಲ್ಲ?" ಇದನ್ನು ಬಳಸುವವರು ಹಾಕಿಸಿಕೊಂಡ ಟೋಪಿಯ ವಿವರ, ದಿನಾಂಕ ಮತ್ತು ರಸೀದಿಯನ್ನು ಲಗತ್ತಿಸತಕ್ಕದ್ದು. ಟೋಪಿ ಹಾಕಿದವರು ಚೀಟಿ ಅಕ್ಕನೇ ಆಗಿರತಕ್ಕದ್ದು.

(ಇ) "ನಾನು ರೇಟೇ ನೋಡ್ಲಿಲ್ಲ." ರೇಟು ನೋಡುವುದಕ್ಕೆಂದೇ ತಿಂಗಳಿಗೊಮ್ಮೆ ಸಂಬಳ ಪಡೆಯುವವರು ಇದನ್ನು ಬರವಣಿಗೆಯಲ್ಲಿ ಕೊಡದಿರುವುದು ಅವರ ಹಿತದೃಷ್ಟಿಯಿಂದ ಒಳ್ಳೆಯದು.

5. ಹಿಡಿಕೆಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುವುದು ಸಾಕ್ಷ್ಯನಾಶ. ಅದಕ್ಕೆ ಪೆನ್ನಿನಿಂದ ಸೊನ್ನೆ ಸೇರಿಸಿ, ಪೂರ್ತಿ ದುಡ್ಡು ಕೊಟ್ಟು ತಂದೆನೆಂದು ಭಾವಮೈದುನನ ಮುಂದೆ ತೋರಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಅಪರಾಧ. ರವಾನೆ ಶಾಖೆಯವರು ಗಮನಿಸುವುದು.

6. ಕಚೇರಿಯ ವೇಳೆಯಲ್ಲಿ ಗಾದೆಗಳ ಬಳಕೆಯನ್ನು ಮುಂದಿನ ಆದೇಶದವರೆಗೆ ನಿಷೇಧಿಸಲಾಗಿದೆ. ವಿಶೇಷವಾಗಿ 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬುದನ್ನು ತಪಾಸಣಾಧಿಕಾರಿಗಳ ಎದುರು, 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬುದನ್ನು ಯಾರ ಎದುರೂ ಉಚ್ಚರಿಸತಕ್ಕದ್ದಲ್ಲ. ನಿನ್ನೆ ಇದನ್ನು ಕಾವಲುಗಾರರು ಸುಮ್ಮನೆ ಗಾಳಿಗೆ ಹೇಳಿದಾಗ ಹದಿನಾಲ್ಕು ಜನ ಕಂಕುಳು ಮುಟ್ಟಿ ನೋಡಿಕೊಂಡಿರುತ್ತಾರೆ.

7. ಘಟನೆಯ ದಿನ ರಜೆಯಲ್ಲಿದ್ದ ಬೆರಳಚ್ಚುಗಾರ್ತಿಯವರು ತಾವೊಬ್ಬರೇ ಪ್ರಾಮಾಣಿಕರೆಂದು ಇಡೀ ವಾರ ಎಲ್ಲರಿಗೂ ನೀತಿ ಬೋಧಿಸುತ್ತಿರುವುದು ಗಮನಕ್ಕೆ ಬಂದಿದೆ. "ಅಯ್ಯೋ, ನಂಗೊಂದು ಫೋನ್ ಮಾಡ್ಬಾರ್ದಿತ್ತಾ?" ಎಂದು ಅವರು ಮಂಗಳವಾರ ಬೆಳಿಗ್ಗೆ ಕೇಳಿದ್ದಕ್ಕೆ ಮೂವರು ಸಾಕ್ಷಿಗಳಿರುತ್ತಾರೆ. ಅವರ ಪ್ರಾಮಾಣಿಕತೆಯನ್ನು ಅರ್ಧ ದಿನದ ಸಾಂದರ್ಭಿಕ ರಜೆಗೆ ಹೊಂದಾಣಿಕೆ ಮಾಡಲಾಗುವುದು.

8. ಕುಟುಂಬದವರ ಪ್ರಶ್ನೆಗಳ ಬಗ್ಗೆ. ನಿನ್ನೆ ಸಂಜೆ ಕರಡು ಗುಮಾಸ್ತರು ಮೈಮೇಲೆಯೇ ಆರಿದ ಬಟ್ಟೆಯಲ್ಲಿ, ಹೊಸ ಛತ್ರಿ ಹಿಡಿದು, ಸೀನುತ್ತ ಮನೆ ಸೇರಿರುತ್ತಾರೆ. ಅವರ ಪತ್ನಿ ಮೇಲಿಂದ ಕೆಳಗೆ ನೋಡಿ, "ಕೈಯಲ್ಲಿ ಛತ್ರಿ ಇಟ್ಕೊಂಡು ನೆನ್ಕೊಂಡು ಬಂದಿದ್ದೀರಲ್ರೀ, ಎಲ್ಲಿಂದಾದ್ರೂ ಕದ್ಕೊಂಡ್ ಬಂದ್ರಾ?" ಎಂದು ನಗುತ್ತ ಕೇಳಿರುತ್ತಾರೆ. ತಮಾಷೆಗೆ ಕೇಳಿದ್ದು. ಕರಡು ಗುಮಾಸ್ತರು ಛತ್ರಿಯನ್ನು ಬಾಗಿಲ ಹಿಂದೆ ಇಟ್ಟು, ರಾತ್ರಿಯ ಊಟ ಬೇಡವೆಂದು ಮಲಗಿರುತ್ತಾರೆ. ಇನ್ನು ಮುಂದೆ ಮನೆಯವರು ತಮಾಷೆಗೆ ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ನೌಕರರಿಗೆ ಮೂವತ್ತು ದಿನಗಳ ಕಾಲಾವಕಾಶ ಇರುತ್ತದೆ.

9. ಚೀಟಿ ಅಕ್ಕನವರ ನಡವಳಿಕೆಯ ಬಗ್ಗೆ. ನಿನ್ನೆ ಮಳೆಯಲ್ಲಿ ನೌಕರರು ಸಾಲಾಗಿ ಬರುತ್ತಿದ್ದಾಗ ಸದರಿಯವರು ಅಂಗಡಿಯ ಮೆಟ್ಟಿಲಿಗೆ ಬಂದು ನಿಂತರು. ಬೈಯುತ್ತಾರೆಂದು ಎಲ್ಲರೂ ಎದೆ ಗಟ್ಟಿ ಮಾಡಿಕೊಂಡಿದ್ದರು. ಬೈಗುಳಕ್ಕೆ ಇಲಾಖೆಯಲ್ಲಿ ನಿಗದಿತ ಉತ್ತರಗಳಿವೆ. ಆದರೆ ಅವರು, "ಅಯ್ಯೋ ಸಾರ್, ಛತ್ರಿ ಬಿಡಿಸ್ಕೊಳ್ಳಿ! ಇಟ್ಕೊಂಡೂ ನೆನೀತೀರಲ್ಲ, ಜ್ವರ ಗಿರ ಬಂದೀತು!" ಎಂದು ಕೂಗಿ ಹೇಳಿರುತ್ತಾರೆ. ಒಬ್ಬರಿಗಲ್ಲ, ಮೂವತ್ತೇಳು ಜನರಿಗೂ ಹೇಳಿರುತ್ತಾರೆ. ಯಾರೂ ಬಿಡಿಸಲಿಲ್ಲ. ಯಾರೂ ಅವರ ಮುಖ ನೋಡಲಿಲ್ಲ. ಕರಡು ಗುಮಾಸ್ತರಿಗೆ ನಾಚಿಕೆಯಾಯಿತು. ಈ ಪದಕ್ಕೆ ಬದಲಾಗಿ ಆಡಳಿತಾತ್ಮಕ ಪದವನ್ನು ಹುಡುಕಲಾಗಿ, ಸಿಗದ ಕಾರಣ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಸದರಿಯವರು ಹೀಗೆ ಕಾಳಜಿ ತೋರುವುದರಿಂದ ಸರ್ಕಾರಿ ನೌಕರರು ನೆಮ್ಮದಿಯಾಗಿ ಕರ್ತವ್ಯ ನಿರ್ವಹಿಸಲು ಅಡಚಣೆಯಾಗುತ್ತಿದ್ದು, ಇನ್ನು ಮುಂದೆ ಬೈಯಬೇಕೆಂದು ಅವರನ್ನು ಕೋರಲಾಗಿದೆ.

10. "ಪ್ರತಿಯೊಬ್ಬರೂ ಛತ್ರಿಯೊಂದಕ್ಕೆ ವ್ಯತ್ಯಾಸದ ಹಣ ಐನೂರ ಎಪ್ಪತ್ತಾರನ್ನು ತಿಂಗಳ ಕೊನೆಯೊಳಗೆ ಅಂಗಡಿಗೆ ಪಾವತಿಸತಕ್ಕದ್ದು" ಎಂದು ಕರಡಿನಲ್ಲಿದ್ದ ಈ ಕಂಡಿಕೆಯನ್ನು ಸಾಹೇಬರು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ, ಅಂಚಿನಲ್ಲಿ "ಅವಸರ ಬೇಡ, ಸಮಿತಿ ರಚಿಸಿ" ಎಂದು ಬರೆದಿರುತ್ತಾರೆ. ಅದರಂತೆ ಐದು ಜನರ ಸಮಿತಿಯನ್ನು ರಚಿಸಲಾಗಿದೆ. ಸದಸ್ಯರಿಗೆಲ್ಲ ಛತ್ರಿಯ ಬಗ್ಗೆ ಅನುಭವವಿದ್ದು, ಅಧ್ಯಕ್ಷರಿಗೆ ಎರಡರಷ್ಟು ಅನುಭವವಿದೆ. ಚೀಟಿ ಅಕ್ಕನ ಸಂಬಳಕ್ಕೆ ನಾಲ್ಕೇ ದಿನ ಇದೆ ಎಂದು ಗಮನಕ್ಕೆ ತಂದಾಗ, ಯಾವ ತಿಂಗಳ ಸಂಬಳ ಎಂದು ಸಮಿತಿಯು ಸ್ಪಷ್ಟೀಕರಣ ಕೇಳಿದೆ. ಸ್ಪಷ್ಟೀಕರಣ ಬಂದ ಮೂರು ತಿಂಗಳೊಳಗೆ ಮೊದಲ ಸಭೆ ಸೇರಲಿದೆ.

ಈ ಸುತ್ತೋಲೆಯನ್ನು ಎಲ್ಲ ನೌಕರರೂ ಓದಿ ಸಹಿ ಮಾಡತಕ್ಕದ್ದು. ಪ್ರತಿಗಳ ಪಟ್ಟಿಯೂ ಸುತ್ತೋಲೆಯ ಭಾಗವೇ ಆಗಿದ್ದು, ಅದನ್ನು ಓದದೆ ಸಹಿ ಮಾಡುವ ರೂಢಿಯನ್ನು ಕೈಬಿಡತಕ್ಕದ್ದು.

ಸಹಿ/-
ಮುಖ್ಯಾಧಿಕಾರಿಗಳ ಪರವಾಗಿ, ಕರಡು ಗುಮಾಸ್ತರು
(ಮುಖ್ಯಾಧಿಕಾರಿಗಳಾದ ಸಾಹೇಬರು ನಿನ್ನೆ ನೆನೆದು ಜ್ವರ ಬಂದ ಕಾರಣ ರಜೆಯಲ್ಲಿರುತ್ತಾರೆ. ಎರಡು ಛತ್ರಿ ಇದ್ದೂ.)

ಪ್ರತಿಗಳು:

1. ಎಲ್ಲ ಶಾಖೆಗಳಿಗೆ: ಬಟ್ಟೆ ಒಣಗಿದ ನಂತರ ಓದಿಕೊಳ್ಳಲು.

2. ಎದುರಿನ ಅಂಗಡಿಯ ಮಾಲೀಕರಿಗೆ: ಮಾಹಿತಿಗಾಗಿ. ಮನಸ್ಸಿನಲ್ಲೇ ಓದಿಕೊಳ್ಳುವಂತೆ ಕೋರಿಕೆ.

3. ಸಾಹೇಬರ ಪತ್ನಿಯವರಿಗೆ: ಎರಡನೇ ಛತ್ರಿ ತಮಗೇ ತಲುಪಿದೆ ಎಂಬುದನ್ನು ದೃಢೀಕರಿಸಲು. (ಸಾಹೇಬರು ಫೋನ್ ಮಾಡಿ ತಿಳಿಸಿದ ಮೇರೆಗೆ ಈ ಪ್ರತಿಯನ್ನು ತಡೆಹಿಡಿಯಲಾಗಿದೆ.)

4. ಹವಾಮಾನ ಕಚೇರಿಗೆ: ತಿಂಗಳ ಕೊನೆಯವರೆಗೆ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಮಳೆಯನ್ನು ಮುಂದೂಡುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.

5. ಕಚೇರಿ ಪ್ರತಿ.

6. ಚೀಟಿ ಅಕ್ಕನವರಿಗೆ: ಮುಂಗಡ ಪ್ರತಿಯನ್ನು, ಐನೂರ ಎಪ್ಪತ್ತಾರು ಇರುವ ಲಕೋಟೆಯೊಂದಿಗೆ, ಕರಡು ಗುಮಾಸ್ತರು ಇಂದು ಬೆಳಿಗ್ಗೆ ಖುದ್ದಾಗಿ ತಲುಪಿಸಿರುತ್ತಾರೆ. ದರ ಮೊದಲೇ ಗೊತ್ತಿತ್ತು ಎಂಬುದನ್ನೂ ಹೇಳಿರುತ್ತಾರೆ. ಅವರು ಹಣವನ್ನು ಎರಡು ಸಲ ಎಣಿಸಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮಿಕ್ಕೋರೂ ಬರ್ತಾರಾ ಸಾರ್?" ಎಂದು ಕೇಳಿರುತ್ತಾರೆ. ಸದರಿ ಪ್ರಶ್ನೆಗೆ ನಾಲ್ಕು ದಿನಗಳೊಳಗೆ, ಒಬ್ಬೊಬ್ಬರಾಗಿ, ಅವರ ಮುಖ ನೋಡಿ ಉತ್ತರಿಸುವಂತೆ ಉಳಿದ ಮೂವತ್ತಾರು ನೌಕರರಿಗೆ ಈ ಮೂಲಕ ಸೂಚಿಸಲಾಗಿದೆ.