ಇಪ್ಪತ್ತೆರಡರ ತೆಳ್ಳನೆಯವಳು

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿ ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಮೇಲಿನ ಫ್ಲ್ಯಾಟಿನ ಬೆನಿಟಾ ಮೀನು ಬಿಟ್ಟಳು. ಕೊಲ್ಲಿ ನಾಡಿನ ಅಲ್ ವಕ್ರಾದ ಆ ಕಟ್ಟಡದಲ್ಲಿ ಯಾರೂ ಬಿಡದ್ದನ್ನು ಬಿಡಲು ಹೊರಟವಳು ಇಂಡಿಯನ್ ಶಾಲೆಯ ಹಿಂದಿ ಟೀಚರ್ ತೆರೆಜಾ ಒಬ್ಬಳೇ! ೧೯೯೪ರ ವಿಭೂತಿ ಬುಧವಾರ, ಹಣೆಯ ಬೂದಿ ಇನ್ನೂ ಮಾಸಿರಲಿಲ್ಲ, ಗಂಡನ ಮುಂದೆ ಸೊಂಟಕ್ಕೆ ಕೈಯಿಟ್ಟು ಘೋಷಿಸಿದಳು:

"ಈ ಸಲ ನಾನು ಸಂಶಯ ಬಿಡ್ತೇನೆ!"

ಲ್ಯಾನ್ಸ್‌ಲಾಟ್‌ನ ಬಾಯಲ್ಲಿದ್ದ ಸಿಗರೇಟು ಮಡಿಲಿಗೆ ಬಿತ್ತು. "ಉಸಿರಾಡೂದು ಬಿಡ್ತೇನೆ ಅಂದಿದ್ರೆ ನಂಬ್ತಿದ್ದೆ ಮಾರಾಯ್ತಿ!"

"ನಲವತ್ತು ದಿನ ನಿಮ್ಮ ಯಾವ ವಿಷಯದಲ್ಲಾದ್ರೂ ಮೂಗು ತೂರಿಸಿದ್ರೆ ಕೇಳಿ!"

"ಹಾಗಾದ್ರೆ ಬೆಟ್! ನೀನು ಗೆದ್ರೆ ಈಸ್ಟರಿಂದ ನಾನು ಸಿಗರೇಟು ಮುಟ್ಟೂದಿಲ್ಲ. ಸೋತ್ರೆ, ಈ ಜನ್ಮದಲ್ಲಿ ನೀನು ಸಿಗರೇಟಿನ ಸುದ್ದಿ ಎತ್ತಬಾರ್ದು."

ತೆರೆಜಾ ಒಪ್ಪಿಬಿಟ್ಟಳು. ಹನ್ನೊಂದು ವರ್ಷ ಅವಳು ಆ ಹೊಗೆಯ ಮೇಲೆ ಯುದ್ಧ ಸಾರಿ ಸೋತಿದ್ದಳು. ಬೆಳಗಾಗೆದ್ದು ಗಂಡ ಕೆಮ್ಮುವುದನ್ನು ಕೇಳಿದರೆ ಅವಳಿಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ಸಂಶಯ ಹೋದರೆ ಹೋಗಲಿ, ಗಂಡ ಉಳಿದರೆ ಸಾಕು.

ಮೂರು ವಾರ ಅವಳು ಸಂತಳಂತೆ ಬದುಕಿದಳು. ಗಂಡ ತಡವಾಗಿ ಬಂದರೆ ಗಡಿಯಾರ ನೋಡಲಿಲ್ಲ. ಅಂಗಿಯ ಜೇಬು ತಡಕದೆಯೇ ಒಗೆದು, ಹತ್ತು ರಿಯಾಲಿನ ಎರಡು ನೋಟುಗಳನ್ನೂ ಒಗೆದಳು!

ನಾಲ್ಕನೆಯ ವಾರ ಹಜಾರದಲ್ಲಿ ಲ್ಯಾನ್ಸ್‌ಲಾಟ್ ಫೋನು ಹಿಡಿದಿದ್ದ. ಅಡುಗೆಮನೆಗೆ ಕೇಳಿಸಿತು.

"ಹಾಂ ಜೀ, ಬಾಯೀಸ್ ಕೀ ಹೈ... ಏಕದಮ್ ನಯೀ ಹೈ... ಪತಲೀ ಹೈ... ಗರ್ದನ್ ಥೋಡೀ ಮೋಟೀ ಹೈ... ಪುರಾನೀ ದಿಖನೀ ಚಾಹಿಯೇ... ಉಮ್ಮ್ ಸಲಾಲ್ ಲೇಕೇ ಆವೂಂಗಾ."

ತೆರೆಜಾಳ ಕೈಯ ಸೌಟು ನಿಂತಿತು. ಇಪ್ಪತ್ತೆರಡರವಳು! ಹೊಸಬಳು! ತೆಳ್ಳಗಿದ್ದಾಳೆ! ಕುತ್ತಿಗೆ ಮಾತ್ರ ತುಸು ದಪ್ಪ! ಅವಳು ವಯಸ್ಸಾದವಳಂತೆ ಕಾಣಬೇಕಂತೆ! ಯಾಕೆ? ನೋಡಿದವರ ಕಣ್ಣಿಗೆ ಮಣ್ಣೆರಚಲು, ಮತ್ತ್ಯಾಕೆ? ಆಮೇಲೆ ಇವನೇ ಅವಳನ್ನು ಉಮ್ಮ್ ಸಲಾಲ್ ಊರಿಗೆ ಕರೆದೊಯ್ಯುತ್ತಾನಂತೆ!

ಅದಕ್ಕಿಂತ ದೊಡ್ಡ ಸಾಕ್ಷಿ ವ್ಯಾಕರಣದ್ದು. ಈ ಮನುಷ್ಯ ಹಿಂದಿಯಲ್ಲಿ ಎಂದೂ ಗಂಡು ಹೆಣ್ಣು ಸರಿಯಾಗಿ ಹೇಳಿದವನಲ್ಲ. ಕಟ್ಟಿಕೊಂಡ ಹೆಂಡತಿಯನ್ನೇ 'ಮೇರಾ ಬೀಬಿ' ಎಂದು ಗಂಡಾಗಿಸಿ ಪರಿಚಯಿಸುವವನು! ಅಂಥವನ ಬಾಯಲ್ಲಿ ಇಂದು ಒಂದೂ ತಪ್ಪಿಲ್ಲದ ಸ್ತ್ರೀಲಿಂಗ! ಪ್ರೀತಿಯಿಲ್ಲದೆ ಇಂಥ ವ್ಯಾಕರಣ ಬರುವುದುಂಟೇ?

"ಯಾರು ಫೋನಲ್ಲಿ?" ಎಂಬ ಪ್ರಶ್ನೆ ಗಂಟಲಿಗೆ ಬಂತು. ನುಂಗಿಕೊಂಡಳು. ಸಿಗರೇಟು ನೆನಪಾಯಿತು.

ಮರುವಾರ ಇನ್ನೊಂದು. ಅವಳ ಹಿಮ್ಮಡಿ ಬಿರುಕಿಗೆಂದು ಅಮ್ಮ ಊರಿನಿಂದ ಕಳಿಸಿದ್ದ ಗೇರೆಣ್ಣೆಯ ಶೀಶೆ ಅರ್ಧ ಖಾಲಿ! ಗೇರುಬೀಜದ ಸಿಪ್ಪೆಯ ಆ ಕಪ್ಪೆಣ್ಣೆ ಒಂದು ಹನಿ ಮೈಗೆ ತಾಗಿದರೂ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ದಪ್ಪ ಹಿಮ್ಮಡಿಗಲ್ಲದೆ ಬೇರೆಲ್ಲಿಗೂ ಆಗದು. ಹಾಗಾದರೆ ಯಾರ ಹಿಮ್ಮಡಿ? ಇಪ್ಪತ್ತೆರಡಕ್ಕೇ ಒಡೆದ ಹಿಮ್ಮಡಿಯೇ? ಅದನ್ನು ತನ್ನ ಗಂಡ ಕೂತು ತಿಕ್ಕುತ್ತಾನೆಯೇ?

ಮಂಗಳವಾರ ಬಾಲ್ಕನಿಯ ಕಪಾಟಿನ ಮೇಲೆ ಉದ್ದನೆಯ ಗಂಟೊಂದು ಸಿಕ್ಕಿತು, ಗಂಡನ ಹಳೆಯ ಲುಂಗಿ ಸುತ್ತಿದ್ದು. ತೆರೆಜಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಮುಟ್ಟಿದರೆ ತಾನೇ ಸಂಶಯ? ಅತ್ತರಿನ ವಾಸನೆ ಇದೆಯೋ ಇಲ್ಲವೋ, ಅಷ್ಟೇ ತಿಳಿದರೆ ಸಾಕಿತ್ತು. ಸ್ಟೂಲು ಹತ್ತಿ, ಲುಂಗಿ ಸರಿದಲ್ಲಿ ಮೂಗು ಒಳಗಿಟ್ಟು ಎಳೆದಳು. ಅತ್ತರಿಲ್ಲ. ಗೇರೆಣ್ಣೆ! ಸ್ಟೂಲು ಅಲುಗಿ ಮೂಗಿನ ತುದಿ ಏನಕ್ಕೋ ತಾಗಿತು. ಸೆರಗಿನಲ್ಲಿ ಒರೆಸಿಕೊಂಡು ಇಳಿದಳು.

ಶುಕ್ರವಾರ ಕನ್ನಡಿ ನೋಡಿದಾಗ ಮೂಗಿನ ತುದಿಯಲ್ಲಿ ಕಪ್ಪು ಗುಳ್ಳೆ, ನೇರಳೆ ಹಣ್ಣಿನಷ್ಟು!

ಶನಿವಾರ ಸಂಜೆ ಲ್ಯಾನ್ಸ್‌ಲಾಟ್ ಆಫೀಸಿನಿಂದ ಬೆವರುತ್ತ ಬಂದ. ತೆರೆಜಾ ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಕೂತಿದ್ದಳು.

"ತೆರೆಜಾ, ಇವತ್ತು ನನ್ನ ವೀಸಾ ಖಲಾಸ್ ಆಗ್ತಿತ್ತು! ಇಷ್ಟು ದಿನ ನಿನಗೂ ಹೇಳ್ಬಾರ್ದು ಅಂತ ನಮ್ಮ ಆಫೀಸಿನ ಅರಬಿ ಮಾಲೀಕ ಆಣೆ ಹಾಕಿಸಿದ್ದ. ಅವನತ್ರ ಒಂದು ಹೊಸ ರೈಫಲ್ ಉಂಟು, ಪಾಯಿಂಟ್ ಟ್ವೆಂಟಿ ಟೂ ಗಾತ್ರದ ಗುಂಡಿನದು. ಅವನ ಅಜ್ಜನತ್ರ ಒಂದು ಕಾರ್ಬೈನ್ ಇತ್ತಂತೆ, ಕುದುರೆ ಮೇಲೆ ಹಿಡಿಯುವ ಗಿಡ್ಡ ಕೋವಿ. ಈಗ ಫೋಟೊ ಮಾತ್ರ ಉಂಟು. ಮುದಿ ತಂದೆಗೆ ಸಂತೋಷ ಆಗ್ಲಿಕ್ಕೆ ಈ ರೈಫಲ್ ಹಾಗೇ ಕಾಣ್ಬೇಕು ಅಂದ. ನಾನು ಎದೆ ತಟ್ಟಿ ಒಪ್ಪಿಕೊಂಡೆ!"

"ಟ್ವೆಂಟಿ ಟೂ..." ತೆರೆಜಾಳ ಸ್ವರ ಕರ್ಚೀಫಿನೊಳಗೇ ಉಳಿಯಿತು.

"ನಳಿಗೆ, ಕಬ್ಬಿಣ ಎಲ್ಲ ಮಾಲೀಕನತ್ರವೇ ಇತ್ತು. ನನ್ನದು ಮರದ ಹಿಡಿ ಮಾತ್ರ. ಉಮ್ಮ್ ಸಲಾಲ್‌ನ ಲಖನೌ ಬಡಗಿ ಕುತ್ತಿಗೆ ಕೆತ್ತಿ ಸಣ್ಣ ಮಾಡಿ ಕೊಟ್ಟ. ಫೋನಲ್ಲಿ ಅವನು ಹೇಳಿದ್ದನ್ನೇ ತಿರುಗಿ ಹೇಳಿದೆ, ನನಗೆಲ್ಲಿಯ ಹಿಂದಿ! ಮರ ನೂರು ವರ್ಷದ್ದು ಕಾಣ್ಲಿಕ್ಕೆ ನಿನ್ನ ಗೇರೆಣ್ಣೆ ಬಳಿದೆ. ಒಣಗಿದೆ ಅಂದ್ಕೊಂಡೆ. ಮೊನ್ನೆ ಮುದುಕ ಕಣ್ಣಲ್ಲಿ ನೀರು ತುಂಬ್ಕೊಂಡು ಕೋವಿಯನ್ನು ಕೆನ್ನೆಗೊತ್ತಿದ. ಇವತ್ತು ಕೆನ್ನೆ ತುಂಬ ಗುಳ್ಳೆ!"

"ಅಯ್ಯೋ! ಮತ್ತೆ?"

"ಮತ್ತೆಂತ? ಮುದುಕ ಕನ್ನಡಿ ನೋಡಿ ನಕ್ಕುಬಿಟ್ಟ! 'ನನ್ನ ತಂದೆಯ ಕೆನ್ನೆ ಮೇಲೂ ಇಲ್ಲೇ ಕಪ್ಪು ಕಲೆ ಇತ್ತು, ಈಗ ಕೋವಿ ಅಸಲಿ ಆಯ್ತು' ಅಂದ. ಬದುಕಿಕೊಂಡೆ!"

ತೆರೆಜಾಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬಂದೂಕ್ ಹಿಂದಿಯಲ್ಲಿ ಸ್ತ್ರೀಲಿಂಗ ಎಂದು ವರ್ಷ ವರ್ಷ ಐದನೇ ಕ್ಲಾಸಿಗೆ ಬರೆಸುವವಳು ಅವಳೇ!

"ಅದಿರ್ಲಿ, ನಿನ್ನ ಮೂಗಿಗೆ ಎಂತ ಆಯ್ತು?"

"ನೆಗಡಿ."

ಲ್ಯಾನ್ಸ್‌ಲಾಟ್ ಕರ್ಚೀಫು ಎಳೆದ. ನೋಡಿದ. ಇನ್ನೊಮ್ಮೆ ನೋಡಿದ. "ಗಂಟು ಮುಟ್ಟಿದೆಯಾ?"

"ದೇವರಾಣೆ, ಕೈ ಹಚ್ಚಿಲ್ಲ!"

"ಕೈ ಹಚ್ಚಿದ್ರೆ ಕೈಯಲ್ಲೇ ಏಳ್ತಿತ್ತು! ಮೂಗು ತೂರಿಸಿದ್ರೆ ಕೇಳಿ ಅಂತ ನೀನೇ ಅಂದಿದ್ದೆ. ಈಗ ಕೇಳ್ತಿದ್ದೇನೆ!"

ಈಸ್ಟರ್‌ಗೆ ಇನ್ನು ಎಂಟೇ ದಿನ ಇತ್ತು. ತೆರೆಜಾ ಅತ್ತೇಬಿಟ್ಟಳು. ಅವಳು ಅತ್ತದ್ದು ಮೂಗಿಗಲ್ಲ, ಆ ಕೆಮ್ಮು ಇನ್ನು ಜೀವನಪೂರ್ತಿ ಬಾಯಿ ಮುಚ್ಚಿ ಕೇಳಬೇಕಲ್ಲ ಎಂದು. ಲ್ಯಾನ್ಸ್‌ಲಾಟ್ ಅದನ್ನೆಲ್ಲಿ ಗಮನಿಸಿದ! ನಗು ತಡೆಯಲಾರದೆ, ಹೆಂಡತಿಯ ಮೂಗು ಕಪ್ಪಾದ ಸುದ್ದಿ ಹೇಳಲು ಲಖನೌ ಬಡಗಿಗೆ ಫೋನು ತಿರುಗಿಸಿದ.

"ಹಾಂ ಜೀ, ಏಕ್ ಬಾತ್ ಸುನೋ! ಮೇರಾ ಬೀಬಿ ಕಾ ನಾಕ್ ಕಾಲಾ ಹೋ ಗಯಾ..."

ಸೋಲನ್ನಾದರೂ ನುಂಗಿಯಾಳು, ಇದನ್ನು ನುಂಗುವುದು ಹಿಂದಿ ಟೀಚರಿನಿಂದ ಆಗದು.

"ರೀ, ನಾಕ್ ಸ್ತ್ರೀಲಿಂಗ!" ಎಂದು ಕಣ್ಣೊರೆಸಿಕೊಳ್ಳುತ್ತ ಚೀರಿದಳು. "'ಮೇರೀ ಬೀಬೀ ಕೀ ನಾಕ್ ಕಾಲೀ ಹೋ ಗಯೀ' ಅನ್ನಿ!"

ಲ್ಯಾನ್ಸ್‌ಲಾಟ್ ಸಿಗರೇಟು ಹಚ್ಚಿಕೊಂಡು, ಒಂದೂ ತಪ್ಪಿಲ್ಲದೆ, ಅದನ್ನೇ ತಿರುಗಿ ಹೇಳಿದ.